ಆಡದೆ ಗೆದ್ದ ಪಂದ್ಯಾವಳಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಜಾನ್ ವುಡನ್ ಅವರ ಹೆಸರಿನೊಡನೆ ಒಂದು ಲೆಕ್ಕ ಸದಾ ಅಂಟಿಕೊಂಡಿರುತ್ತದೆ: 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ. ಪುರುಷರ ವಿಭಾಗದಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಗೆದ್ದ ಇನ್ನೊಬ್ಬ ತರಬೇತುದಾರನಿಲ್ಲ. ಆದರೆ ಈ ಮನುಷ್ಯನನ್ನು ಅಳೆಯಲು ಗೆದ್ದ ಪಂದ್ಯಗಳಿಗಿಂತ, ಆಡಲು ಒಪ್ಪದ ಒಂದು ಪಂದ್ಯಾವಳಿಯೇ ಸರಿಯಾದ ಅಳತೆಗೋಲು.

1910ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ವುಡನ್, ಪರ್ಡ್ಯೂ ವಿಶ್ವವಿದ್ಯಾಲಯದ ತಂಡದಲ್ಲಿ ಹೆಸರು ಮಾಡಿದ ಆಟಗಾರ. ಪದವಿಯ ನಂತರ ಹಿಡಿದದ್ದು ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರ ಕೆಲಸ. ಆಟ ಕಲಿಸುವುದೂ ಅದರ ಜೊತೆಗೇ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದು ಬಂದವರು 1946ರಲ್ಲಿ ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜಿನ ತರಬೇತುದಾರರಾದರು.

ಮೊದಲ ಋತುವಿನಲ್ಲೇ ತಂಡ ಪ್ರಾಂತೀಯ ಪ್ರಶಸ್ತಿ ಗೆದ್ದಿತು. 1947ರಲ್ಲಿ ಕಾನ್ಸಾಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಗೆ ಕರೆಯೂ ಬಂತು. ಆದರೆ ಅಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ವುಡನ್ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ವಿದ್ಯಾರ್ಥಿ ಇದ್ದರು. ಅವರು ಮುಖ್ಯ ಐವರಲ್ಲಿ ಒಬ್ಬರಲ್ಲ, ಬದಲಿ ಆಟಗಾರ. ಅವರನ್ನು ಊರಲ್ಲೇ ಬಿಟ್ಟು ಹೋಗಿದ್ದರೆ ತಂಡದ ಬಲ ಹೆಚ್ಚೇನೂ ಕುಗ್ಗುತ್ತಿರಲಿಲ್ಲ. ವುಡನ್ ಆ ಕರೆಯನ್ನೇ ತಿರಸ್ಕರಿಸಿದರು.

ಮರುವರ್ಷ ಸಂಘಟಕರು ನಿಷೇಧ ತೆಗೆದರು. 1948ರಲ್ಲಿ ವಾಕರ್ ಆ ಪಂದ್ಯಾವಳಿಯ ಅಂಕಣಕ್ಕಿಳಿದ ಮೊದಲ ಕಪ್ಪು ಆಟಗಾರರಾದರು. ತಂಡ ಫೈನಲಿನಲ್ಲಿ ಲೂಯಿವಿಲ್‌ಗೆ ಸೋತಿತು. ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳನ್ನು ಬೇರೆಬೇರೆ ಕೂರಿಸುವುದು ತಪ್ಪೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ ಎಂಬುದನ್ನು ನೆನೆದರೆ, ಈ ನಿರಾಕರಣೆಯ ತೂಕ ತಿಳಿಯುತ್ತದೆ.

1948ರಲ್ಲೇ ವುಡನ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಯಶಸ್ಸು ಓಡಿ ಬರಲಿಲ್ಲ. ಮೊದಲ ರಾಷ್ಟ್ರೀಯ ಪ್ರಶಸ್ತಿಗೆ 1964ರವರೆಗೆ ಕಾಯಬೇಕಾಯಿತು. ಆ ವರ್ಷ ಆಡಿದ 30 ಪಂದ್ಯಗಳನ್ನೂ ಗೆದ್ದ ತಂಡದ ಮುಖ್ಯ ಐವರಲ್ಲಿ ಆರಡಿ ಐದು ಅಂಗುಲಕ್ಕಿಂತ ಎತ್ತರದವರು ಯಾರೂ ಇರಲಿಲ್ಲ. ಎದುರಾಳಿಗೆ ಅಂಕಣದ ಉದ್ದಕ್ಕೂ ಉಸಿರಾಡಲು ಬಿಡದ ಒತ್ತಡದ ಆಟವೇ ಅವರ ಬಲ.

ಮುಂದೆ ಏಳಡಿಗೂ ಮೀರಿದ ಕರೀಂ ಅಬ್ದುಲ್ ಜಬ್ಬಾರ್ (ಆಗಿನ ಹೆಸರು ಲ್ಯೂ ಆಲ್ಸಿಂಡರ್), ಬಳಿಕ ಬಿಲ್ ವಾಲ್ಟನ್ ಬಂದರು. 1967ರಿಂದ 1973ರವರೆಗೆ ಸತತ ಏಳು ಪ್ರಶಸ್ತಿ. ನಡುವೆ ಆರಂಭವಾದ 88 ಪಂದ್ಯಗಳ ಸರಣಿ ಗೆಲುವು 1974ರ ಜನವರಿಯಲ್ಲಿ ನೋತ್ರ ಡೇಮ್ ಎದುರು ಒಂದೇ ಅಂಕದಿಂದ ಮುರಿಯಿತು.

ಅಭ್ಯಾಸದ ಮೊದಲ ದಿನ ವುಡನ್ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವ ಬಗೆ. ಚೀಲ ಮುದುರಿದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಓಡಲಾರ. ತಾರೆಯಿರಲಿ, ಬದಲಿ ಆಟಗಾರನಿರಲಿ, ಪಾಠ ಒಂದೇ.

ಹತ್ತನೆಯ ಪ್ರಶಸ್ತಿಯೊಡನೆ 1975ರಲ್ಲಿ ನಿವೃತ್ತರಾದ ವುಡನ್, 2010ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಗೆದ್ದ ಪ್ರಶಸ್ತಿಗಳ ಪಟ್ಟಿಯಲ್ಲಿ 1947ರಲ್ಲಿ ನಿರಾಕರಿಸಿದ ಆ ಪಂದ್ಯಾವಳಿಯ ಹೆಸರೇ ಇಲ್ಲ. ವಾಕರ್ ಅವರ ಹಿಂದೆ ಆ ಅಂಕಣಕ್ಕೆ ಇಳಿದ ಕಪ್ಪು ಆಟಗಾರರಿಗೆ ಮಾತ್ರ ಬಾಗಿಲು ತೆರೆದೇ ಇತ್ತು.