ವೇಂಗಿನಾಡಿನ ಕನ್ನಡಿಗರು

ಬಾದಾಮಿಯ ಇಮ್ಮಡಿ ಪುಲಕೇಶಿಯು ಏಳನೆಯ ಶತಮಾನದ ಮೊದಲ ಪಾದದಲ್ಲಿ ಪಿಷ್ಟಪುರದ ದುರ್ಗವನ್ನು ಭೇದಿಸಿ, ಕೊಲ್ಲೇರು ಸರೋವರದ ತೀರದಲ್ಲಿ ಕಾದಿ ಗೆದ್ದು, ವೇಂಗಿಯೆನಿಸಿದ ಆ ಕರಾವಳಿಯ ಆಳ್ವಿಕೆಯನ್ನು ತನ್ನ ತಮ್ಮನಾದ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದಾಗ, ಮಲಪ್ರಭೆಯ ದಡವನ್ನು ಬಿಟ್ಟು ಕೃಷ್ಣಾ ಗೋದಾವರಿಗಳ ನಡುವಣ ನೆಲಕ್ಕೆ ತೆರಳಿದವನು ಆ ರಾಜಪುತ್ರನೊಬ್ಬನೇ ಆಗಿರಲಾರನು; ಅವನೊಡನೆ ಪಡೆಯೂ ಪರಿವಾರವೂ, ಲೆಕ್ಕ ಬರೆಯುವ ಕರಣಿಕರೂ ಹೋಗಿರಲೇಬೇಕು. ವಿಷ್ಣುವರ್ಧನನ ತಾಮ್ರಶಾಸನಗಳಲ್ಲಿ ಎರಡು, ತಿಮ್ಮಾಪುರದ್ದೂ ಚೀಪುರುಪಲ್ಲಿಯದೂ, ಹಳೆಯ ವಿಶಾಖಪಟ್ಟಣ ಜಿಲ್ಲೆಯಲ್ಲಿಯೇ ದೊರೆತಿವೆ. ಅವನ ರಾಣಿ ಅಯ್ಯಣ ಮಹಾದೇವಿಯು ಬೆಜವಾಡದ, ಎಂದರೆ ಇಂದಿನ ವಿಜಯವಾಡದ, ನಡುಂಬಿ ಬಸದಿಗೆ ಮುಸಿನಿಕೊಂಡ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟಳು. ಕನ್ನಡನಾಡಿನಿಂದ ಹೋದ ಮನೆತನವೊಂದು ಪರಸ್ಥಳದಲ್ಲಿ ಬೇರು ಬಿಟ್ಟುದಕ್ಕೆ ಇವು ಆದಿಯ ಸಾಕ್ಷ್ಯಗಳು.

ಆ ಬೇರು ಯಾವ ನೀರನ್ನು ಕುಡಿದು ಬೆಳೆಯಿತೆಂಬುದನ್ನು ಮುಂದಿನ ಶಾಸನಗಳು ತಿಳಿಸುತ್ತವೆ. ಮೊದಲ ತಲೆಮಾರುಗಳ ದಾನಪತ್ರಗಳು ಬಹುಮಟ್ಟಿಗೆ ಸಂಸ್ಕೃತದಲ್ಲಿವೆ. ಲಿಪಿಯಾದರೋ ಇಂದು ವಿದ್ವಾಂಸರು ತೆಲುಗು-ಕನ್ನಡ ಲಿಪಿಯೆಂದು ಒಂದೇ ಹೆಸರಿನಿಂದ ಕರೆಯುವಂಥದು. ಒಂಬತ್ತನೆಯ ಶತಮಾನದಲ್ಲಿ ವಿಷ್ಣುವರ್ಧನನ ವಂಶದ ಗುಣಗ ವಿಜಯಾದಿತ್ಯನ ಸೇನಾನಿಯಾದ ಪಂಡರಂಗನ ಅದ್ದಂಕಿ ಶಾಸನವು ತೆಲುಗು ಪದ್ಯದಲ್ಲಿ ಹೊರಟಿತು. ಹತ್ತನೆಯ ಶತಮಾನದಲ್ಲಿ ಅದೇ ವಂಶದ ಯುದ್ಧಮಲ್ಲನು ಬೆಜವಾಡದ ಕಾರ್ತಿಕೇಯ ದೇವಾಲಯದ ಸಂಬಂಧವಾಗಿ ಬರೆಸಿದ ಶಾಸನವು ಮಧ್ಯಾಕ್ಕರವೆಂಬ ದೇಶೀ ಛಂದಸ್ಸಿನಲ್ಲಿದೆ. ಕನ್ನಡದ ಅಕ್ಕರಗಳನ್ನು ಬಲ್ಲವರಿಗೆ ಆ ನಡೆಯು ಪರಕೀಯವೆನಿಸಲಾರದು. ಆ ವಂಶದವನೇ ಆದ ರಾಜರಾಜನರೇಂದ್ರನ ಆಸ್ಥಾನದಲ್ಲಿ ನನ್ನಯ್ಯಭಟ್ಟನು ಮಹಾಭಾರತವನ್ನು ತೆಲುಗಿಗೆ ತರಲು ತೊಡಗಿದಾಗ ಅವನಿಗೆ ನೆರವಾದ ನಾರಾಯಣಭಟ್ಟನನ್ನು, 1053ರ ನಂದಂಪೂಡಿ ಶಾಸನವು, ಸಂಸ್ಕೃತ ಪ್ರಾಕೃತಗಳ ಜೊತೆಗೆ ಕರ್ಣಾಟಭಾಷೆಯಲ್ಲಿಯೂ ಕವಿಯಾಗಿದ್ದವನೆಂದು ಕೊಂಡಾಡುತ್ತದೆ. ಬಾದಾಮಿಯಿಂದ ಹೊರಟ ಕುಲವು ನಾಲ್ಕು ಶತಮಾನಗಳಲ್ಲಿ ಸಂಪೂರ್ಣವಾಗಿ ತೆಲುಗಾಗಿ, ತೆಲುಗು ಕಾವ್ಯಕ್ಕೆ ಮೊದಲ ಆಶ್ರಯವನ್ನು ಕೊಟ್ಟಿತು. ಆದರೆ ಆ ಕಾವ್ಯವು ಹುಟ್ಟಿದ ಸಭೆಯಲ್ಲಿ ಕನ್ನಡವು ಅಪರಿಚಿತವಾಗಿರಲಿಲ್ಲ.

ಇನ್ನು, ವೇಂಗಿಯಿಂದ ಪಡುವಣಕ್ಕೆ ಬಂದವರ ಕಥೆ. ಇದನ್ನು ನಾವು ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುವೆವು. ಅಷ್ಟು ಅವಸರದಿಂದ ದಾಟಬಾರದ ಸ್ಥಳವಿದು. ಪಂಪನ ಪೂರ್ವಿಕರು ವೇಂಗಿಮಂಡಲದ ವೆಂಗಿಪಳುವಿನ ಅಗ್ರಹಾರದವರು. ಮಾಧವ ಸೋಮಯಾಜಿಯಿಂದ ಇಳಿದುಬಂದ ಆ ವೈದಿಕ ಮನೆತನದಲ್ಲಿ ಜೈನಧರ್ಮವನ್ನು ಸ್ವೀಕರಿಸಿದವನು ಕವಿಯ ತಂದೆ. ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಂದೆಯ ಕಡೆಯಿಂದ ಗೋದಾವರಿಯ ಸೀಮೆಯನ್ನೂ ತಾಯಿಯ ಕಡೆಯಿಂದ ಧಾರವಾಡದ ಬಯಲನ್ನೂ ಪಡೆದ ಈ ಕವಿಯು, ಇಂದು ತೆಲಂಗಾಣಕ್ಕೆ ಸೇರಿರುವ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ, 941ರಲ್ಲಿ ಕನ್ನಡದ ಮಹಾಕಾವ್ಯವನ್ನು ರಚಿಸಿ, ಅದರೊಳಗೆ ಬನವಾಸಿಗಾಗಿ ಹಂಬಲಿಸಿದನು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಈ ಮೂರರಲ್ಲಿಯೂ ಪದ್ಯಗಳನ್ನು ಕೆತ್ತಿಸಿದನು. ಇವರನ್ನು ಕನ್ನಡಿಗರೆನ್ನಬೇಕೋ ತೆಲುಗರೆನ್ನಬೇಕೋ ಎಂದು ಕಳೆದ ಶತಮಾನದಲ್ಲಿ ಎರಡು ಕಡೆಯ ಪಂಡಿತರೂ ಬಹಳ ಶಾಯಿಯನ್ನು ವ್ಯಯಮಾಡಿದರು. ಜಿನವಲ್ಲಭನು ಆ ಬಂಡೆಯ ಮೇಲೆಯೇ ಉತ್ತರವನ್ನು ಬರೆಸಿಟ್ಟಿದ್ದಾನೆಂಬುದು ನನ್ನ ದೃಢವಾದ ನಂಬಿಕೆ.

ಪಂಪನೊಬ್ಬನದೇ ಅಲ್ಲ ಈ ವೃತ್ತಾಂತ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ ಮಲ್ಲಪಯ್ಯ ಪುನ್ನಮಯ್ಯರು ವೇಂಗಿಯ ಕಮ್ಮೆನಾಡಿನವರು. ಆ ಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಳಾದ, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಮಲ್ಲಪಯ್ಯನ ಮಗಳು. ಕನ್ನಡದ ಛಂದಶ್ಶಾಸ್ತ್ರಕ್ಕೆ ಛಂದೋಂಬುಧಿಯನ್ನು ಕೊಟ್ಟ ನಾಗವರ್ಮನ ವಂಶವೂ ವೇಂಗಿಯದೇ. ಹಳಗನ್ನಡದ ಚಂಪೂಯುಗದಿಂದ ವೇಂಗಿಯನ್ನು ಕಳೆದರೆ ಉಳಿಯುವುದೆಷ್ಟು?

ಮುಂದಿನ ಕಾಲದ ಸಂಗತಿಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಕನ್ನಡ ರಾಜ್ಯದ ಸಿಂಹಾಸನದಲ್ಲಿ ಕುಳಿತ ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯ ಹಾದಿಯಲ್ಲಿ ವಿಜಯವಾಡದಲ್ಲಿ ತಂಗಿ, ಸಮೀಪದ ಶ್ರೀಕಾಕುಳದಲ್ಲಿ ಏಕಾದಶಿಯನ್ನು ಆಚರಿಸಿದ ರಾತ್ರಿ ಆಂಧ್ರವಿಷ್ಣುವು ಕನಸಿನಲ್ಲಿ ಕಾಣಿಸಿಕೊಂಡು ತೆಲುಗಿನಲ್ಲಿ ಕಾವ್ಯ ಬರೆಯೆಂದು ಆಜ್ಞಾಪಿಸಿದನೆಂದು ಅವನ ಆಮುಕ್ತಮಾಲ್ಯದದ ಪೀಠಿಕೆ ಹೇಳುತ್ತದೆ. 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲಕ್ಕೆ ಬಂದು ವರಾಹನರಸಿಂಹನಿಗೆ ಮುತ್ತಿನ ಹಾರವನ್ನೂ ಒಡವೆಗಳನ್ನೂ ಅರ್ಪಿಸಿದುದು ಅಲ್ಲಿಯ ಶಾಸನದಲ್ಲಿದೆ. ರಾಜ್ಯದ ಹೆಸರು ಒಂದು, ಕಾವ್ಯದ ನುಡಿ ಇನ್ನೊಂದು. ಅದರಿಂದ ಯಾರ ಗೌರವಕ್ಕೂ ಕುಂದು ಬರಲಿಲ್ಲ.

ಹೀಗೆ ಕೂಡಿ ಬಾಳಿದ ನುಡಿಗಳ ನಡುವೆ ಮುಂದೆ ಗಡಿ ಬಿದ್ದಿತು. ಗಡಿಯೆಂಬುದು ಜನರ ಮೇಲೆ ಹಾದುಹೋದಾಗ ಏನಾಗುವುದೆಂಬುದಕ್ಕೆ ಅಮೆರಿಕ ಖಂಡದಲ್ಲಿ ಒಂದು ಕಠಿನವಾದ ನಿದರ್ಶನವುಂಟು. 1846ರಿಂದ 1848ರವರೆಗೆ ನಡೆದ ಯುದ್ಧದಲ್ಲಿ ಸೋತ ಮೆಕ್ಸಿಕೋ ದೇಶವು ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಂತೆ ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೋ ಮೊದಲಾದ ವಿಶಾಲ ಪ್ರಾಂತಗಳನ್ನು ಅಮೆರಿಕ ಸಂಯುಕ್ತಸಂಸ್ಥಾನಕ್ಕೆ ಬಿಟ್ಟುಕೊಟ್ಟಾಗ, ತಮ್ಮ ಮನೆಯಿಂದ ಕದಲದೆಯೇ ಪರದೇಶದ ಪ್ರಜೆಗಳಾದ ಸ್ಪ್ಯಾನಿಷ್ ಮಾತಿನ ಜನರ ವಂಶಜರೂ, ಆಮೇಲೆ ದುಡಿಮೆಗಾಗಿ ಬಂದು ಅವರನ್ನು ಕೂಡಿಕೊಂಡವರೂ ಇಂದು ಚಿಕಾನೋ ಎನಿಸಿಕೊಳ್ಳುವರು. ಶಾಲೆಯಲ್ಲಿ ಮನೆಮಾತನ್ನು ಆಡಿದುದಕ್ಕೆ ಅವರ ಮಕ್ಕಳು ದಂಡನೆಗೆ ಗುರಿಯಾದರು. 1968ರಲ್ಲಿ ಲಾಸ್ ಏಂಜಲಿಸ್ ನಗರದ ಪೂರ್ವಭಾಗದ ಸಾವಿರಾರು ವಿದ್ಯಾರ್ಥಿಗಳು ತರಗತಿಗಳಿಂದ ಹೊರನಡೆದು, ತಮ್ಮ ನುಡಿಯೂ ತಮ್ಮವರ ಚರಿತ್ರೆಯೂ ಪಾಠಗಳಲ್ಲಿ ಸೇರಬೇಕೆಂದು ಬೇಡಿದರು. ವೇಂಗಿಯ ಶಾಸನಗಳನ್ನು ಓದಿದವನಿಗೆ ಆ ಬೇಡಿಕೆಯಲ್ಲಿ ನ್ಯಾಯವಲ್ಲದೆ ಬೇರೇನೂ ಕಾಣದು.

ನಮ್ಮ ಕಾಲದ ಗಡಿಯು ಬಿದ್ದುದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲು ಎರಡು ನಾಡುಗಳ ವಿದ್ಯಾಸಂಬಂಧವು ಎಷ್ಟು ನಿಕಟವಾಗಿತ್ತೆಂಬುದಕ್ಕೆ, 1926ರಲ್ಲಿ ಬೆಜವಾಡದಲ್ಲಿ ಸ್ಥಾಪಿತವಾಗಿ ಬಳಿಕ ವಿಶಾಖಪಟ್ಟಣದ ವಾಲ್ಟೇರಿಗೆ ಹೋದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ, ಅವರ ನಂತರ ಬಂದ ರಾಧಾಕೃಷ್ಣನ್ ಅವರೂ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಬಂದವರೆಂಬುದೇ ಸಾಕು. 1953ರ ಆ ದಿನ ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿಯೂ ಉಳಿದ ತಾಲ್ಲೂಕುಗಳೂ ಮೈಸೂರಿಗೆ ಬಂದವು. ರೇಖೆಯ ಆಚೆ ಕನ್ನಡಿಗರು ಉಳಿದರು, ಈಚೆ ತೆಲುಗರು ಉಳಿದರು. ಎಲ್ಲಿಯೋ ಒಂದು ಕಡೆ ರೇಖೆಯನ್ನು ಎಳೆಯಲೇಬೇಕಾಗಿತ್ತು, ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ರಾಯದುರ್ಗದ ಕನ್ನಡದ ಮಗುವಿಗೆ ಕನ್ನಡದ ಶಾಲೆಯು ಎಷ್ಟು ಹಕ್ಕಿನದೋ, ಬಳ್ಳಾರಿಯ ತೆಲುಗು ಮಗುವಿಗೆ ತೆಲುಗಿನ ಶಾಲೆಯು ಅಷ್ಟೇ ಹಕ್ಕಿನದು. ಮೊದಲನೆಯದನ್ನು ವಿಜಯವಾಡದವರಿಂದ ಕೇಳುವ ಕನ್ನಡಿಗರು, ಎರಡನೆಯದನ್ನು ಬೆಂಗಳೂರಿನವರಿಂದಲೂ ಕೇಳಬೇಕೆಂದು ನನ್ನ ಪ್ರಾರ್ಥನೆ.