ಲೈಡನ್ನಿನ ಇಮ್ಮಡಿ ಲೆಕ್ಕ

ಲಂಡನ್ನಿನ ಅಂಚಿನ ಕ್ಲಾಪಮ್‌ನಲ್ಲಿದ್ದ ಕೊಳವೊಂದರ ದಂಡೆಯಲ್ಲಿ ನಿಂತು, ಬೆಂಜಮಿನ್ ಫ್ರಾಂಕ್ಲಿನ್ ಗಾಳಿಗೆ ಕದಡಿದ್ದ ನೀರಿನ ಮೇಲೆ ಒಂದು ಸಣ್ಣ ಚಮಚದಷ್ಟು ಎಣ್ಣೆ ಸುರಿದರು. ಎಣ್ಣೆ ಹಬ್ಬುತ್ತ ಹಬ್ಬುತ್ತ, ಅರ್ಧ ಎಕರೆಯಷ್ಟು ನೀರಿನ ಅಲೆಗಳು ಅಡಗಿದವು. 1774ರಲ್ಲಿ ಆ ವರದಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಎಣ್ಣೆಯ ಗಾತ್ರವನ್ನು ಆ ವಿಸ್ತಾರದಿಂದ ಭಾಗಿಸಿದ್ದರೆ ಒಂದು ಅಣುವಿನ ನೀಳ ಎಷ್ಟೆಂಬುದು ಅಂದೇ ಹೊರಬೀಳುತ್ತಿತ್ತು. ಆ ಭಾಗಾಕಾರಕ್ಕೆ ಲೋಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಆಗ್ನೆಸ್ ಪೊಕೆಲ್ಸ್. ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ಕಾಲವದು. ಮನೆವಾರ್ತೆಯ ನಡುವೆಯೇ ಅವರು ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನಿಟ್ಟು ಸರಿಸುತ್ತ, ಜಿಡ್ಡಿನ ಪದರವನ್ನು ಒತ್ತಿ ಕಿರಿದುಗೊಳಿಸಿದರು, ಹಿಗ್ಗಿಸಿದರು. ಒತ್ತುತ್ತ ಹೋದಂತೆ ಒಂದು ಮಿತಿಯ ತನಕ ನೀರಿನ ಮೇಲ್ಮೈ ಎಳೆತ ಬದಲಾಗದು. ಮಿತಿ ಮುಟ್ಟಿದೊಡನೆ ಥಟ್ಟನೆ ಕುಸಿಯುವುದು. 1891ರಲ್ಲಿ ಅವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಪತ್ರ ಬರೆದರು. ರೇಲೀ ಅದನ್ನು ‘ನೇಚರ್’ ಪತ್ರಿಕೆಗೆ ಕಳುಹಿಸಿ ಅಚ್ಚು ಮಾಡಿಸಿದರು. ದೊಡ್ಡತನ ಇಬ್ಬರದೂ ಹೌದು, ಆದರೆ ತೊಟ್ಟಿ ಪೊಕೆಲ್ಸರದು. ಅದನ್ನೇ ಸುಧಾರಿಸಿ ಅಮೆರಿಕದ ಇರ್ವಿಂಗ್ ಲಾಂಗ್ಮ್ಯೂರ್ 1917ರಲ್ಲಿ ತೋರಿಸಿದ್ದೇನೆಂದರೆ, ಜಿಡ್ಡಿನ ಅಣುಗಳು ನೀರಿನ ಮೇಲೆ ಒಂದೇ ಸಾಲಿನ ದಪ್ಪಕ್ಕೆ ನಿಲ್ಲುತ್ತವೆ. ನೀರನ್ನು ಒಲ್ಲದ ಬಾಲ ಮೇಲಕ್ಕೆ, ನೀರನ್ನು ಬಯಸುವ ತಲೆ ಕೆಳಕ್ಕೆ.

ಆ ತೊಟ್ಟಿ ಹಾಲೆಂಡಿನ ಲೈಡನ್ನಿಗೆ ಬಂದಾಗ ಅದಕ್ಕೆ ರಕ್ತದ ಸಂಗ ಒದಗಿತು. ಮಕ್ಕಳ ವೈದ್ಯ ಎವರ್ಟ್ ಗಾರ್ಟರ್ ಮತ್ತು ಅವರ ಜೊತೆಗಾರ ಗ್ರೆಂಡೆಲ್ ಮನುಷ್ಯ, ನಾಯಿ, ಮೊಲ, ಕುರಿ, ಮೇಕೆಗಳ ಕೆಂಪು ರಕ್ತಕಣಗಳನ್ನು ಆಯ್ದರು. ಸಸ್ತನಿಗಳ ಈ ಕಣಗಳಲ್ಲಿ ಕೋಶಕೇಂದ್ರವಿಲ್ಲ, ಒಳಪೊರೆಗಳೂ ಇಲ್ಲ. ಇರುವ ಲಿಪಿಡ್, ಎಂದರೆ ಜಿಡ್ಡು, ಬಹುಪಾಲು ಹೊರಪೊರೆಯದೇ. ಅಸಿಟೋನಿನಿಂದ ಆ ಲಿಪಿಡ್ಡನ್ನು ಹೊರತೆಗೆದು ನೀರಿನ ಮೇಲೆ ಹರಡಿದಾಗ, ಅದು ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟು ಜಾಗ ಹಿಡಿಯಿತು. ಪೊರೆಯಲ್ಲಿರುವುದು ಎರಡು ಪದರ, ಬಾಲಗಳು ಒಳಗೆ ಎದುರುಬದುರು, ತಲೆಗಳು ಎರಡೂ ಕಡೆಯ ನೀರಿನತ್ತ ಎಂದು 1925ರಲ್ಲಿ ಅವರು ಸಾರಿದರು.

1960ರ ದಶಕದಲ್ಲಿ ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದವರಿಗೆ ಎರಡು ತಪ್ಪುಗಳು ಕಂಡವು. ಅಸಿಟೋನು ಲಿಪಿಡ್ಡನ್ನೆಲ್ಲ ಹೊರತೆಗೆದಿರಲಿಲ್ಲ. ಒಣಗಿದ ಕಣವನ್ನು ಅಳೆದುದರಿಂದ ಮೇಲ್ಮೈಯ ಲೆಕ್ಕವೂ ಕಡಿಮೆ ಬಂದಿತ್ತು. ಒಂದು ಕೊರತೆಯನ್ನು ಇನ್ನೊಂದು ಸರಿದೂಗಿಸಿ ಉತ್ತರ ಎರಡರ ಬಳಿಯೇ ನಿಂತಿತ್ತು. ಇಷ್ಟಕ್ಕೇ ಗಾರ್ಟರ್ ಮತ್ತು ಗ್ರೆಂಡೆಲರ ಕೀರ್ತಿಯನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದು ಅನ್ಯಾಯವೆಂದೇ ನನ್ನ ಎಣಿಕೆ. ಕೇವಲ ನ್ಯಾನೊಮೀಟರುಗಳ ದಪ್ಪದ, ಯಾರೂ ಕಾಣದಿದ್ದ ಪೊರೆಯ ರಚನೆಯನ್ನು ಮೇಲ್ಮೈಯ ಅಳತೆಯೊಂದರಿಂದ ಕೇಳಬಹುದೆಂದು ಹೊಳೆದದ್ದು ಅವರಿಗೆ.

ಎರಡು ಪದರಗಳೆಂದ ಮಾತ್ರಕ್ಕೆ ಪೊರೆ ಕದಲದ ಗೋಡೆಯಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಅದನ್ನು ಪ್ರೋಟೀನುಗಳು ತೇಲುವ ದ್ರವವೆಂದು ಚಿತ್ರಿಸಿದರು. ತನ್ನ ಪದರದೊಳಗೆ ಲಿಪಿಡ್ ಅಣು ಸರಾಗವಾಗಿ ಸರಿದಾಡುತ್ತದೆ. ತನ್ನಷ್ಟಕ್ಕೆ ತಾನೇ ಆಚೆಯ ಪದರಕ್ಕೆ ಮಗುಚಿಕೊಳ್ಳುವುದು ಮಾತ್ರ ಬಲು ಅಪರೂಪ. ಎರಡು ಪದರಗಳ ಜನವೂ ಬೇರೆ. ಕೆಂಪು ಕಣದಲ್ಲಿ ಸ್ಫಿಂಗೊಮಯಲಿನ್ ಎಂಬ ಲಿಪಿಡ್ ಬಹುಪಾಲು ಹೊರಗೆ, ಫಾಸ್ಫಟಿಡೈಲ್‌ಸೆರಿನ್ ಒಳಗೆ. ಸಾಯುವ ಕೋಶದಲ್ಲಿ ಈ ಸೆರಿನ್ ಲಿಪಿಡ್ ಹೊರಗೆ ಬಂದು ನಿಲ್ಲುತ್ತದೆ. ಭಕ್ಷಕ ಕೋಶಗಳಿಗೆ ಅದೇ ಕರೆ.

1998ರ ಹೊತ್ತಿಗೆ ಈ ವೃತ್ತಾಂತ ಬೆಂಗಳೂರಿಗೂ ಬಂದಿತು. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು, ಹೊರಪದರಕ್ಕೆ ಲಿಪಿಡ್ಡಿನಿಂದಲೇ ನೆಟ್ಟುಕೊಂಡ ಕೆಲವು ಪ್ರೋಟೀನುಗಳು ಚೆದುರಿರದೆ ಕಿರುಗುಂಪುಗಳಲ್ಲಿ ಇರುವುದನ್ನು ತೋರಿಸಿದರು. ಆ ಗುಂಪುಗಳನ್ನು ಕೂಡಿಸುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿರುವುದಾದರೋ ಕೋಶದ ಒಳಗೆ. ಹೊರಗಿನದನ್ನು ಒಳಗಿನದು ಹಿಡಿಯುವುದು ಹೇಗೆ? 2015ರಲ್ಲಿ ಅವರ ಬಳಗವೇ ಉತ್ತರ ಕೊಟ್ಟಿತು: ಒಳಪದರದ ಸೆರಿನ್ ಲಿಪಿಡ್ಡನ್ನು ಆಕ್ಟಿನ್ ಹಿಡಿಯುತ್ತದೆ, ಆ ಲಿಪಿಡ್ಡಿನ ನೀಳವಾದ ಬಾಲ ಪೊರೆಯ ನಡುಮಧ್ಯದಲ್ಲಿ ಹೊರಪದರದ ನೀಳ ಬಾಲಗಳನ್ನು ಸಂಧಿಸುತ್ತದೆ.