ಅನಾನಸಿನ ಗೊಜ್ಜು: ಚಿಕ್ಕಬಳ್ಳಾಪುರ ಸೀಮೆಯ ಅಡಿಗೆಮನೆಯಲ್ಲಿ ಹೊರನಾಡಿನ ಹಣ್ಣು

ಅರಸುಮನೆತನಗಳ ಚರಿತ್ರೆಗೆ ಶಾಸನಗಳು ಹೇಗೆ ಆಧಾರವೋ ಹಾಗೆಯೇ ಜನಜೀವನದ ಚರಿತ್ರೆಗೆ ಅಡಿಗೆಯೂ ಒಂದು ಆಧಾರವಾಗಬಲ್ಲದು. ಆದರೆ ‘ಸಂಪ್ರದಾಯದ ಅಡಿಗೆ’ ಎಂದೊಡನೆ ಅದು ಅನಾದಿಯಿಂದ ಹಾಗೆಯೇ ನಡೆದು ಬಂದುದೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಸಣ್ಣ ನಿದರ್ಶನದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಹಬ್ಬದ ಅಥವಾ ಮದುವೆಯ ಎಲೆಯ ಮೇಲೆ ಅನಾನಸಿನ ಗೊಜ್ಜನ್ನಾಗಲಿ ಅನಾನಸಿನ ಕೇಸರಿಬಾತನ್ನಾಗಲಿ ಕಂಡರೆ ಯಾರೂ ಅಚ್ಚರಿಪಡುವುದಿಲ್ಲ. ಹಣ್ಣು ಮಾತ್ರ ಈ ನೆಲದ್ದಲ್ಲ.

ಅನಾನಸಿನ ತವರು ದಕ್ಷಿಣ ಅಮೆರಿಕ. 1493ರ ನವೆಂಬರಿನಲ್ಲಿ ಕೊಲಂಬಸನ ತಂಡದವರು ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡರು. ಬ್ರೆಜಿಲ್ ದೇಶದ ತುಪಿ ಜನರ ‘ನನಸ್’ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ ‘ಅನನಾಸ್’ ಆಯಿತು. 1510ರಲ್ಲಿ ಗೋವೆಯನ್ನು ಹಿಡಿದ ಆ ಜನರ ಹಡಗುಗಳೊಡನೆ ಹಣ್ಣೂ ಹೆಸರೂ ನಮ್ಮ ಪಶ್ಚಿಮ ತೀರಕ್ಕೆ ಬಂದವು. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚನು 1596ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಫರಂಗಿಗಳ ಬಂದರುಗಳಿಂದ ಬಂದ ಈ ಹಣ್ಣು ಆಗ್ರಾದ ತೋಟದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಫಲಿಸುತ್ತಿದ್ದಿತೆಂದು ಜಹಾಂಗೀರನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಒಂದು ಶತಮಾನ ತುಂಬಿ ಸ್ವಲ್ಪ ಕಾಲವಾಗುವಷ್ಟರಲ್ಲಿಯೇ ಹಣ್ಣು ಸಾಗರವನ್ನು ದಾಟಿ ಉತ್ತರ ಹಿಂದೂಸ್ಥಾನದವರೆಗೆ ನಡೆದಿತ್ತು.

ಹಣ್ಣು ಬರುವ ಮೊದಲು ಕನ್ನಡ ನಾಡಿನ ಪಾಕಶಾಸ್ತ್ರ ಯಾವ ಸ್ಥಿತಿಯಲ್ಲಿತ್ತು? ಈ ವಿಷಯದಲ್ಲಿ ನಾವು ಭಾಗ್ಯವಂತರು. 11ನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಅಡಿಗೆಯ ವಿಚಾರಕ್ಕೆ ಎಡೆಗೊಟ್ಟಿದ್ದಾನೆ, 12ನೆಯ ಶತಮಾನದಲ್ಲಿ ಚಾಳುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಮನೆಯ ಊಟವನ್ನು ವಿವರಿಸಿದೆ, 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ರಚಿಸಿದನು. ಇವುಗಳಲ್ಲಿ ಅನಾನಸಿಲ್ಲ, ಮೆಣಸಿನಕಾಯಿಯೂ ಇಲ್ಲ. ಖಾರಕ್ಕೆ ಮೆಣಸು, ಶುಂಠಿ. ಹುಳಿಗೆ ಹುಣಸೆ, ಮಾವು. ಸಿಹಿಗೆ ಬೆಲ್ಲ, ಸಕ್ಕರೆ. ಕಾಯಿಹಣ್ಣುಗಳನ್ನು ಬೇಯಿಸಿ, ಸಂಬಾರ ಬೆರೆಸಿ, ಒಗ್ಗರಣೆಕೊಟ್ಟು ಪಕ್ವಮಾಡುವ ಕ್ರಮ ಅದಾಗಲೇ ಸುಸ್ಥಿರವಾಗಿತ್ತು. ಹೊಸ ಹಣ್ಣು ಬಂದಾಗ ಅದಕ್ಕಾಗಿ ಹೊಸ ಪಾಕವನ್ನು ಸೃಷ್ಟಿಸಬೇಕಾಗಲಿಲ್ಲ. ಸ್ಥಾನವೊಂದು ಸಿದ್ಧವಾಗಿಯೇ ಇತ್ತು.

ಆ ಸ್ಥಾನವೇ ಗೊಜ್ಜು. ಹುಳಿ, ಸಿಹಿ, ಖಾರ, ಉಪ್ಪು ನಾಲ್ಕೂ ಸಮತೂಕದಲ್ಲಿ ಸೇರಿದ ಪಾಕವಿದು. ಹಾಗಲಕಾಯಿಯ ಗೊಜ್ಜಿನಲ್ಲಿ ಕಹಿಯನ್ನು ಅಡಗಿಸಲು ಹುಣಸೆ ಬೆಲ್ಲಗಳೆರಡೂ ಧಾರಾಳವಾಗಿ ಬೇಕು. ಅನಾನಸಿನಲ್ಲಿಯಾದರೋ ಹುಳಿಸಿಹಿಗಳೆರಡೂ ಸ್ವಭಾವಸಿದ್ಧ. ಆದುದರಿಂದ ಇದರ ಗೊಜ್ಜು ಗೃಹಿಣಿಗೆ ಅತಿ ಸುಲಭ. ಸಣ್ಣಗೆ ಹೆಚ್ಚಿದ ಹೋಳುಗಳನ್ನು ಅರಿಸಿನ, ಉಪ್ಪು, ಸ್ವಲ್ಪ ನೀರಿನೊಡನೆ ಬೇಯಿಸುವುದು. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿಬೀಜ, ನಾಲ್ಕು ಕಾಳು ಮೆಂತ್ಯ, ಎಳ್ಳು, ಒಣಮೆಣಸಿನಕಾಯಿಗಳನ್ನು ಹುರಿದು ಕೊಬ್ಬರಿಯೊಡನೆ ಅರೆಯುವುದು. ಬೆಂದ ಹೋಳಿಗೆ ಹುಣಸೆರಸ, ಬೆಲ್ಲ, ಅರೆದ ಮಸಾಲೆಗಳನ್ನು ಕೂಡಿಸಿ ಗಟ್ಟಿಯಾಗುವವರೆಗೆ ಕುದಿಸುವುದು. ಕಡೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಹಣ್ಣು ಹುಳಿಯಾಗಿದ್ದರೆ ಹುಣಸೆಯನ್ನೂ, ಕಳಿತಿದ್ದರೆ ಬೆಲ್ಲವನ್ನೂ ಕಡಮೆ ಮಾಡುವುದು ಕೈಯಳತೆಯ ವಿವೇಕ. ಕರಾವಳಿಯಲ್ಲಿ ಇದೇ ಬಗೆಯ ಪಾಕಕ್ಕೆ ‘ಮೆಣಸ್ಕಾಯಿ’ ಎಂದು ಹೆಸರು.

ಈ ಒಂದು ಪಾತ್ರೆಯಲ್ಲಿ ಎಷ್ಟು ಕಾಲಗಳು ಕೂಡಿವೆಯೆಂಬುದನ್ನು ಗಮನಿಸಬೇಕು. ಎಳ್ಳು, ಉದ್ದು, ಸಾಸಿವೆ, ಬೆಲ್ಲ ನಮ್ಮಲ್ಲಿ ಬಹು ಪ್ರಾಚೀನ. ಇಂಗು ವಾಯವ್ಯದ ದೇಶಗಳಿಂದ ವ್ಯಾಪಾರದ ಮೂಲಕ ಬರುವುದು. ಅನಾನಸು, ಮೆಣಸಿನಕಾಯಿಗಳೆರಡೂ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದವು. ಇವೆರಡರ ಹೆಸರುಗಳಲ್ಲಿಯೂ ಒಂದು ವಿಶೇಷವಿದೆ. ಹೊಸ ಖಾರದ ಕಾಯಿಯನ್ನು ನಮ್ಮ ಜನ ಹಳೆಯ ‘ಮೆಣಸಿ’ನ ಹೆಸರಿಗೆ ಸೇರಿಸಿ ‘ಮೆಣಸಿನಕಾಯಿ’ ಎಂದರು. ಅದು ಪರದೇಶದ್ದೆಂಬುದೇ ಮರೆತುಹೋಯಿತು. ಮಲೆಯಾಳಿಗಳು ಅನಾನಸನ್ನೂ ಹೀಗೆಯೇ ತಮ್ಮ ಕೇದಗೆ ಹಲಸುಗಳಿಗೆ ಹೋಲಿಸಿ ‘ಕೈದಚ್ಚಕ್ಕ’ ಎಂದು ಕರೆದರು. ಕನ್ನಡದಲ್ಲಿ ಅದು ತನ್ನ ತವರಿನ ಹೆಸರನ್ನೇ ಉಳಿಸಿಕೊಂಡಿತು. ಈ ಸೀಮೆಯ ತೆಲುಗು ಮನೆಗಳಲ್ಲಿ ‘ಅನಾಸ’ ಎಂಬುದೂ ಅದೇ ಮಾತು. ಮೆಣಸಿನಕಾಯಿ ಹೆಸರನ್ನು ಎರವಲು ಪಡೆಯಿತು. ಅನಾನಸು ಪಾಕವನ್ನು ಎರವಲು ಪಡೆಯಿತು.

ಸಿಹಿಯ ವಿಚಾರದಲ್ಲಿ ಚಿಕ್ಕಬಳ್ಳಾಪುರಕ್ಕೆ ತನ್ನದೇ ಆದ ಚರಿತ್ರೆಯಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ತಯಾರಾಗುತ್ತಿದ್ದ ಕಲ್ಲುಸಕ್ಕರೆಯನ್ನೂ ಬಿಳಿಯ ಸಕ್ಕರೆಯನ್ನೂ ಬಹಳವಾಗಿ ಹೊಗಳಿದ್ದಾನೆ. ಈ ಕಲೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಅಲ್ಲಿಂದ ಇತ್ತ ಹರಡಿತು. ಹೀಗೆ ಸಕ್ಕರೆಯ ನಯವಾದ ರೂಪವೂ ಹೊರಗಿನ ವಿದ್ಯೆಯ ಫಲವೇ. ಇಂದಿನ ಅನಾನಸಿನ ಕೇಸರಿಬಾತಿನಲ್ಲಿ ‘ಬಾತು’ ಎಂಬ ಮಾತಿಗೆ ಅನ್ನವೆಂಬ ಅರ್ಥವಿದ್ದರೂ ಪದಾರ್ಥ ಗೋದಿಯ ರವೆ. ಒಂದಳತೆ ಚಿರೋಟಿ ರವೆಯನ್ನು ತುಪ್ಪದಲ್ಲಿ ಹದವಾಗಿ ಹುರಿದು, ಎರಡೂವರೆ ಅಳತೆ ನೀರಿನಲ್ಲಿ ಹೋಳುಗಳನ್ನು ಬೇಯಿಸಿ, ಆ ಕುದಿನೀರಿಗೆ ರವೆಯನ್ನು ಸುರಿದು, ಅದು ಬೆಂದ ಮೇಲೆಯೇ ಒಂದೂವರೆ ಅಳತೆ ಸಕ್ಕರೆ ಹಾಕತಕ್ಕದ್ದು. ಮೊದಲೇ ಹಾಕಿದರೆ ರವೆ ಬೇಯದು. ಮೇಲೆ ಹುರಿದು ಹಾಕುವ ಗೋಡಂಬಿಯೂ ಬ್ರೆಜಿಲಿನಿಂದ ಬಂದುದೇ.

ಹಾಲುಮೊಸರುಗಳೊಡನೆ ಮಾತ್ರ ಹಣ್ಣು ಸುಲಭವಾಗಿ ಹೊಂದಲಿಲ್ಲ. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವವು ಹಾಲಿನ ಪ್ರೋಟೀನನ್ನು ಒಡೆದು ಕಹಿಮಾಡುತ್ತದೆ. ಹುಳಿಯೂ ಸೇರಿ ಹಾಲು ಒಡೆಯುತ್ತದೆ. ಹಣ್ಣನ್ನು ಕುದಿಸಿದರೆ ಕಿಣ್ವ ನಾಶವಾಗುವುದು. ಪಾಯಸಕ್ಕೆ ಹೋಳುಗಳನ್ನು ಸಕ್ಕರೆಯೊಡನೆ ಮೊದಲು ಬೇಯಿಸಿ, ಆರಿಸಿ, ಆಮೇಲೆ ಹಾಲು ಬೆರೆಸುವ ಕ್ರಮದಲ್ಲಿಯೂ, ಮೊಸರಿನ ಸಾಸಿವೆಗೆ ಬೇಯಿಸಿದ ಹೋಳನ್ನೇ ಬಳಸುವ ಕ್ರಮದಲ್ಲಿಯೂ ಈ ತತ್ತ್ವ ಅಡಗಿದೆ. ರಸಾಯನಶಾಸ್ತ್ರದ ಹೆಸರನ್ನರಿಯದ ಹೆಂಗಸರು ಅದರ ಫಲವನ್ನು ನೋಡಿ ನೋಡಿ ನಿಯಮವಾಗಿ ಮಾಡಿಕೊಂಡರು. ಇದನ್ನು ಪರೀಕ್ಷಾಪೂರ್ವಕವಾದ ಜ್ಞಾನವೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆ ಮಳೆ ಕಡಮೆಯ, ಕೆರೆಬಾವಿಗಳ ನಾಡು. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ಮಾವು, ಟೊಮೇಟೊಗಳು ಇಲ್ಲಿನ ಬೆಳೆ. ಅನಾನಸು ಬರುವುದು ಬನವಾಸಿ, ಸಾಗರಗಳ ಕಡೆಯ ಮಲೆನಾಡಿನಿಂದ ಮತ್ತು ಕೇರಳದ ವಾಳಕ್ಕುಳದಂತಹ ಪ್ರದೇಶಗಳಿಂದ. ವಾಳಕ್ಕುಳದ ಹಣ್ಣಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹಣ್ಣು ಪರಸ್ಥಳದ್ದಾದರೂ ಅದನ್ನು ಬರಮಾಡಿಕೊಂಡ ಹುಣಸೆ ಈ ಒಣನೆಲದ ಮರ. ಹುಳಿಯ ರುಚಿಗೆ ಒಗ್ಗಿದ ನಾಲಗೆಗೆ ಹೊಸ ಹುಳಿಸಿಹಿ ಅಪರಿಚಿತವೆನಿಸಲಿಲ್ಲ.

ಅಡಿಗೆಮನೆಗೆ ಕಾಲದ ನೆನಪಿಲ್ಲವೆಂದು ತಿಳಿಯಬಾರದು. ಅನೇಕ ವೈದಿಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳು ನಿಷಿದ್ಧ. ಖಾರಕ್ಕೆ ಮೆಣಸೇ ಆಗಬೇಕು. ಪಿತೃಗಳ ಎಲೆಯ ಮೇಲೆ ಹಳೆಯ ಕಾಲ ಹಾಗೆಯೇ ನಿಂತಿದೆ. ಮದುವೆಯ ಎಲೆಯ ಮೇಲೆ ಹೊಸ ಕಾಲ ಬಂದು ಕುಳಿತಿದೆ. ಎರಡನ್ನೂ ಬಡಿಸಿದ ಕೈ ಒಂದೇ. ಸಂಪ್ರದಾಯವೆಂಬುದು ಪದಾರ್ಥಗಳ ಪಟ್ಟಿಯಲ್ಲ, ಬಂದುದನ್ನು ತನ್ನದಾಗಿಸಿಕೊಳ್ಳುವ ಕ್ರಮ ಎಂದು ಇದರಿಂದ ಸಿದ್ಧವಾಗುತ್ತದೆ. ನಾಡಿನ ಊಟದಲ್ಲಿ ಯಾವುದು ಸ್ವದೇಶಿ, ಯಾವುದು ಪರದೇಶಿ ಎಂದು ವಿಂಗಡಿಸಹೊರಟವರು ಗೊಜ್ಜಿನ ಪಾತ್ರೆಯನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು. ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳ ಅಡಿಗೆಯನ್ನು ಈ ದೃಷ್ಟಿಯಿಂದ ಹಿರಿಯ ಹೆಂಗಸರಿಂದ ಕೇಳಿ ಬರೆದಿಟ್ಟರೆ, ಶಾಸನಗಳು ಹೇಳದಿರುವ ಒಂದು ಅಧ್ಯಾಯ ನಮ್ಮ ನಾಡಿನ ಚರಿತ್ರೆಗೆ ಸೇರುವುದು.